ಕೈಗಡಿಯಾರಕ್ಕೆ ಸ್ವಂತ ಸಿಮ್

‘ಕಾಲಿಂಗ್’ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸ್ಮಾರ್ಟ್‌ವಾಚುಗಳಲ್ಲಿ ಎರಡು ಬಗೆ. ಎರಡು ಮೂರು ಸಾವಿರ ರೂಪಾಯಿಗೆ ಸಿಗುವವು ಬಹುಪಾಲು ಬ್ಲೂಟೂತ್ ವಾಚುಗಳು. ಅವುಗಳಲ್ಲಿ ಇರುವುದು ಮೈಕು, ಸ್ಪೀಕರು ಮಾತ್ರ; ಕರೆ ನಡೆಯುವುದು ಫೋನಿನಲ್ಲೇ. ಫೋನನ್ನು ಮನೆಯಲ್ಲಿ ಬಿಟ್ಟು ಬೀದಿ ದಾಟಿದರೆ ಮಾತು ಮುಗಿಯಿತು. ಸೆಲ್ಯುಲಾರ್ ಅಥವಾ ಎಲ್‌ಟಿಇ ಎಂದು ಸ್ಪಷ್ಟವಾಗಿ ಬರೆದಿರುವ ವಾಚಿಗಷ್ಟೇ ಸ್ವಂತ ಮೋಡೆಮ್ ಮತ್ತು ಇ-ಸಿಮ್ ಇರುತ್ತವೆ. ಆಪಲ್ ಇದನ್ನು 2017ರಲ್ಲಿ ಸೀರೀಸ್ 3ರ ಜೊತೆ ತಂದಿತು. ಮರುವರ್ಷ ಅದು ಜಿಯೊ ಮತ್ತು ಏರ್‌ಟೆಲ್ ಮೂಲಕ ಭಾರತಕ್ಕೂ ಬಂತು.

ವಾಚು ಫೋನಿನ ನಂಬರನ್ನೇ ಹಂಚಿಕೊಳ್ಳಬೇಕಾದರೆ ಎರಡರಲ್ಲೂ ಒಂದೇ ಕಂಪನಿಯ ಸಂಪರ್ಕ ಇರಬೇಕು; ಆ ಕಂಪನಿ ಆ ಮಾದರಿಗೆ ಸೇವೆ ಕೊಡುತ್ತಿರಬೇಕು. ಆಪಲ್ ವಾಚಿಗೆ ಐಫೋನ್ ಬೇಕೇ ಬೇಕು. ಸ್ಯಾಮ್‌ಸಂಗ್‌ನ ಈಚಿನ ಗ್ಯಾಲಕ್ಸಿ ವಾಚುಗಳು ಆಂಡ್ರಾಯ್ಡ್ ಫೋನಿಗಷ್ಟೇ ಒಗ್ಗುತ್ತವೆ. ಸ್ವಂತ ಸಿಗ್ನಲ್ಲಿನ ದುಬಾರಿ ಬೆಲೆ ತೆರುವುದು ಬ್ಯಾಟರಿ. ಗೋಪುರ ದೂರವಾದಷ್ಟೂ ಮೋಡೆಮ್ ಹೆಚ್ಚು ಶಕ್ತಿ ಹೀರುತ್ತದೆ. ಎಲ್‌ಟಿಇಯಲ್ಲಿ ಎಡೆಬಿಡದೆ ಮಾತಾಡಿದರೆ ಸಣ್ಣ ವಾಚಿನ ಚಾರ್ಜು ಒಂದೆರಡು ಗಂಟೆಯಲ್ಲಿ ಬರಿದಾಗುತ್ತದೆ. ಚಿಕ್ಕ ಕರೆಗೆ, ಆಪತ್ತಿನ ಕರೆಗೆ ಇದು ಸಾಕು, ಹರಟೆಗಲ್ಲ.

ಸಿಮ್ಮಿನ ಜೊತೆಗೆ ನೋಡಬೇಕಾದ ಇನ್ನೊಂದು ಗುಣ ಗಟ್ಟಿತನ. ಅದರ ವಿಷಯದಲ್ಲಿ ಜಾಹೀರಾತುಗಳು ಹೆಚ್ಚು ಮೆರೆಸುವುದು ‘ಮಿಲಿಟರಿ ಗ್ರೇಡ್’ ಎಂಬ ಮಾತನ್ನು. ಅದರ ಹಿಂದಿರುವ ಮಿಲ್-ಎಸ್‌ಟಿಡಿ-810 ಎನ್ನುವುದು ಅಮೆರಿಕದ ರಕ್ಷಣಾ ಇಲಾಖೆ ರೂಪಿಸಿದ ಪರೀಕ್ಷಾ ವಿಧಾನಗಳ ಸಂಗ್ರಹ. ಶಾಖ, ತೇವ, ದೂಳು, ಉಪ್ಪಿನ ಮಂಜು, ಆಘಾತ ಹೀಗೆ ಅನೇಕ ಪರೀಕ್ಷೆಗಳಿದ್ದು, ಯಾವುದನ್ನು ಮಾಡಬೇಕೆಂದು ತಯಾರಕರೇ ಆರಿಸಿಕೊಳ್ಳುತ್ತಾರೆ. ಪ್ರಮಾಣಪತ್ರ ಕೊಡುವ ಸಂಸ್ಥೆ ಯಾವುದೂ ಇಲ್ಲ. ಆದ್ದರಿಂದ ಈ ಮುದ್ರೆಗಿಂತ ವಾಚಿನ ಅಂಚನ್ನು ನೋಡುವುದು ಮೇಲು. ಗಾಜಿನ ಮಟ್ಟಕ್ಕಿಂತ ತುಸು ಎತ್ತರದ ಲೋಹದ ಅಂಚು, ಬಾಗಿಲ ಚೌಕಟ್ಟಿಗೆ ತಾಗಿದಾಗಲೂ ಗಾಜನ್ನು ಕಾಯುತ್ತದೆ. ಗೀರಿನಿಂದ ಕಾಯುವುದು ಗಾಜಿನ ಗಡಸುತನ. ಮೋಸ್ ಗಡಸುತನದ ಮಾಪಕದಲ್ಲಿ ಸಫೈರ್ 9, ಮರಳಿನ ಸ್ಫಟಿಕ 7, ಸಾಮಾನ್ಯ ಗಾಜು 6ರ ಆಸುಪಾಸು. ಹಾಗಾಗಿ ಸಫೈರ್ ಗಾಜಿನ ಮೇಲೆ ಮರಳು ಗೀರು ಮಾಡದು. ಆದರೆ ಅದರ ಗಡಸುತನದ ಜೊತೆಗೇ ಪೆಡಸೂ ಇದೆ. ಜೋರು ಪೆಟ್ಟು ಬಿದ್ದರೆ ಒಡೆಯುತ್ತದೆ.

ನೀರಿನ ಲೆಕ್ಕವೂ ಹೀಗೇ. 5 ಎಟಿಎಂ ಎಂದರೆ 50 ಮೀಟರ್ ಆಳದ ನಿಶ್ಚಲ ನೀರಿನ ಒತ್ತಡ, 50 ಮೀಟರ್ ಮುಳುಗಲು ಪರವಾನಗಿಯಲ್ಲ. ಈಜಿಗೆ ಅದು ಸಾಲುತ್ತದೆ. ಬಿಸಿನೀರಿನ ಹಬೆ ಮತ್ತು ಸೋಪು ಒಳಗಿನ ರಬ್ಬರ್ ಸೀಲನ್ನು ಸವೆಸುತ್ತವೆ. ಮೂರು ವರ್ಷದ ಹಳೆಯ ವಾಚನ್ನು ಹೊಸದರಂತೆ ನಂಬುವಂತಿಲ್ಲ. ಕರಾವಳಿಯವರು ಉಪ್ಪುನೀರು ತಾಗಿದ ಮೇಲೆ ಸಿಹಿನೀರಿನಲ್ಲಿ ತೊಳೆಯಲೇಬೇಕು.

ಸ್ವಂತ ಸಿಮ್ ಮತ್ತು ಗಟ್ಟಿತನ ಎರಡೂ ಒಟ್ಟಾಗಿ ಸಿಗುವುದು 2022ರ ಆಪಲ್ ವಾಚ್ ಅಲ್ಟ್ರಾ, 2024ರ ಗ್ಯಾಲಕ್ಸಿ ವಾಚ್ ಅಲ್ಟ್ರಾದಂಥ ಟೈಟಾನಿಯಂ ಕವಚದ ವಾಚುಗಳಲ್ಲಿ. ಎರಡಕ್ಕೂ ಸಫೈರ್ ಗಾಜು, 100 ಮೀಟರ್ ಜಲನಿರೋಧಕತೆ. ಬೆಲೆ ಮಾತ್ರ ಒಳ್ಳೆಯ ಫೋನಿನಷ್ಟು. ಚಾರಣಿಗರು ಈ ಖರ್ಚಿಗೆ ಮುನ್ನ ಒಂದು ಸಂಗತಿ ನೆನೆಯಬೇಕು: ಪಶ್ಚಿಮ ಘಟ್ಟದ ಕಾಡುದಾರಿಗಳಲ್ಲಿ ಫೋನಿಗೆ ಸಿಗದ ಸಿಗ್ನಲ್ ವಾಚಿಗೂ ಸಿಗದು. ಅಲ್ಲಿ ನೆರವಾಗುವುದು ಸಿಮ್ ಬೇಡದ ಜಿಪಿಎಸ್, ಮೊದಲೇ ಇಳಿಸಿಕೊಂಡ ನಕ್ಷೆ, ದಿನಗಟ್ಟಲೆ ಬಾಳುವ ಬ್ಯಾಟರಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಗಳನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಬಳಸುವಂತಿಲ್ಲ.

ಸೆಲ್ಯುಲಾರ್ ನಿಜಕ್ಕೂ ಸಾರ್ಥಕವಾಗುವುದು ನಗರದಲ್ಲಿ ಫೋನಿಲ್ಲದೆ ಓಡುವವರಿಗೆ, ಅದಕ್ಕಿಂತ ಹೆಚ್ಚಾಗಿ ಒಬ್ಬರೇ ಇರುವ ಹಿರಿಯರಿಗೆ. ಬಿದ್ದದ್ದನ್ನು ತಾನೇ ಗುರುತಿಸಿ ನೆರವಿಗೆ ಕರೆ ಮಾಡುವ ವಾಚು, ಫೋನು ಬೇರೆ ಕಡೆ ಉಳಿದಿದ್ದರೂ ಕೆಲಸ ಮಾಡುತ್ತದೆ. ಅವರಿಗೆ ಟೈಟಾನಿಯಂ ಬೇಕಿಲ್ಲ. ಅಲ್ಯುಮಿನಿಯಂ ಕವಚದ ಎಲ್‌ಟಿಇ ಮಾದರಿಯೇ ಸರಿಯಾದ ಆಯ್ಕೆ.