ವಿದ್ಯಾಸಾಗರ್: ಖಾತ್ರಿಯ ಗಣಿತ, ಅದರ ಮಿತಿ

ಬೆಂಗಳೂರಿನ ಮಹದೇವಪುರದ ನೆರೆಯ ಸಿ.ವಿ. ರಾಮನ್ ನಗರದಲ್ಲಿ ಡಿಆರ್‌ಡಿಒದ ‘ಕೇರ್’ ಪ್ರಯೋಗಾಲಯವಿದೆ. ಕೃತಕ ಬುದ್ಧಿಮತ್ತೆ, ರೋಬೋಟಿಕ್ಸ್ ಅದರ ಕ್ಷೇತ್ರ. ಈ ಸಂಸ್ಥೆ ಇನ್ನೂ ಎಳೆಯದಾಗಿದ್ದಾಗ, 1989ರಿಂದ 2000ದವರೆಗೆ, ಅದನ್ನು ನಡೆಸಿದವರು ಎಂ. ವಿದ್ಯಾಸಾಗರ್. ಗುಂಟೂರಿನಲ್ಲಿ 1947ರಲ್ಲಿ ಹುಟ್ಟಿ, ಅಮೆರಿಕ, ಕೆನಡಾಗಳಲ್ಲಿ ಪಾಠ ಹೇಳಿ ಬಂದ ಇವರನ್ನು ಒಳ್ಳೆಯ ನಿರ್ದೇಶಕರೆಂದಷ್ಟೇ ನೆನೆದರೆ ಸಾಲದು. ನಿಯಂತ್ರಣ ವಿಜ್ಞಾನಿಯಾಗಿ ಅವರ ತೂಕ ಗೊತ್ತಾಗುವುದು ಅವರ ಪುಸ್ತಕಗಳಲ್ಲಿ.

ವಿಮಾನವಿರಲಿ, ಬಾಯ್ಲರ್ ಇರಲಿ, ಅದನ್ನು ಹಿಡಿತದಲ್ಲಿಡುವ ಕಂಟ್ರೋಲರ್ ತಪ್ಪಿದರೆ ಯಂತ್ರ ಹದ ಕಳೆದುಕೊಳ್ಳುತ್ತದೆ. ಒಂದು ಕಂಟ್ರೋಲರ್ ಮಾಡು, ಪರೀಕ್ಷಿಸು, ತಿದ್ದು ಎಂಬುದು ಹಳೆಯ ದಾರಿ. ಯಂತ್ರವನ್ನು ಸ್ಥಿರವಾಗಿಡಬಲ್ಲ ಎಲ್ಲ ಕಂಟ್ರೋಲರ್‌ಗಳನ್ನೂ ಒಂದೇ ಸೂತ್ರದಲ್ಲಿ ಹಿಡಿದು, ಬೇಕಾದ್ದನ್ನು ಆಮೇಲೆ ಆರಿಸುವುದು 1985ರ ಅವರ ‘ಕಂಟ್ರೋಲ್ ಸಿಸ್ಟಮ್ ಸಿಂಥೆಸಿಸ್’ ತೋರುವ ದಾರಿ. ಮೂಲ ಹೊಳಹು 1976ರಲ್ಲೇ ಸಂಶೋಧಕ ಯೂಲಾ ಮತ್ತು ಸಂಗಡಿಗರದು. ಬೇರೆ ಬೇರೆ ಬಗೆಯ ವ್ಯವಸ್ಥೆಗಳನ್ನು ಒಂದೇ ಬೀಜಗಣಿತದ ಕೆಳಗೆ ತಂದು ಆ ಹೊಳಹಿಗೆ ಹರವು ಕೊಟ್ಟವರಲ್ಲಿ ವಿದ್ಯಾಸಾಗರ್ ಮುಂಚೂಣಿಯವರು.

ಈ ವಿಧಾನದ ಸೊಗಸು ಕಾಣುವುದು 1982ರಲ್ಲಿ ಐಐಎಸ್‌ಸಿಯ ಎನ್. ವಿಶ್ವನಾಥಂ ಜೊತೆ ಬರೆದ ಪ್ರಬಂಧದಲ್ಲಿ. ಭಾಗವೊಂದು ಕೆಟ್ಟಾಗ ಯಂತ್ರದ ವರ್ತನೆಯೇ ಬದಲಾಗುತ್ತದೆ. ಎರಡೂ ಸ್ಥಿತಿಗೆ ಒಂದೇ ಕಂಟ್ರೋಲರ್ ಸಾಕೇ? ಆ ಪ್ರಶ್ನೆಯನ್ನು ಅವರು, ಒಂದೇ ಯಂತ್ರವನ್ನು ತಾನೂ ಸ್ಥಿರವಾಗಿರುವ ಕಂಟ್ರೋಲರ್‌ನಿಂದ ಹಿಡಿತಕ್ಕೆ ತರಬಹುದೇ ಎಂಬ ಪ್ರಶ್ನೆಗೆ ಇಳಿಸಿದರು. ತೊಡಕನ್ನು ಹೀಗೆ ಬಿಡಿಸುವುದೇ ಅವರ ಪ್ರತಿಭೆ.

ಕೊರತೆಯೂ ಇಲ್ಲೇ ಇದೆ. ಸೂತ್ರ ಎಲ್ಲ ಕಂಟ್ರೋಲರ್‌ಗಳನ್ನೂ ಕೊಡುತ್ತದೆ, ಸರಳವಾದದ್ದು ಯಾವುದೆಂದು ಹೇಳುವುದಿಲ್ಲ. ಕಾರ್ಖಾನೆಯ ಇಂಜಿನಿಯರ್ ಇಂದಿಗೂ ಮೂರು ತಿರುಗಣೆಯ ಸರಳ ಪಿಐಡಿ ಕಂಟ್ರೋಲರನ್ನೇ ನಂಬುವುದಕ್ಕೆ ಅದೂ ಒಂದು ಕಾರಣ. ಯಂತ್ರಕಲಿಕೆಯನ್ನು ಕುರಿತ 1997ರ ಪುಸ್ತಕದಲ್ಲೂ ಇದೇ ಕಥೆ: ಅತಿ ಕೆಟ್ಟ ಸಂದರ್ಭಕ್ಕೂ ಖಾತ್ರಿ ಬೇಕೆಂದು ಹೊರಟಾಗ, ಗಣಿತ ಕೇಳುವ ಉದಾಹರಣೆಗಳ ಸಂಖ್ಯೆ ಬಳಕೆಯಲ್ಲಿ ಸಾಕಾಗುವುದಕ್ಕಿಂತ ಎಷ್ಟೋ ಹೆಚ್ಚಾಗಿಬಿಡುತ್ತದೆ.

ಆದರೂ ಖಾತ್ರಿಯ ಪ್ರಶ್ನೆ ಹಳೆಯದಾಗಿಲ್ಲ. ಐಇಇಇ ಕಂಟ್ರೋಲ್ ಸಿಸ್ಟಮ್ಸ್ ಪ್ರಶಸ್ತಿ 2008ರಲ್ಲಿ, ರಾಯಲ್ ಸೊಸೈಟಿಯ ಫೆಲೋ ಗೌರವ 2012ರಲ್ಲಿ ಅವರಿಗೆ ಬಂದವು. ಅದಕ್ಕಿಂತ ದೊಡ್ಡದು, ‘ಕೆಲಸ ಮಾಡಿತು’ ಎಂಬುದಕ್ಕೂ ‘ಕೆಲಸ ಮಾಡಿಯೇ ತೀರುತ್ತದೆ’ ಎಂಬುದಕ್ಕೂ ಇರುವ ಅಂತರವನ್ನು ಅವರು ಎಲ್ಲೂ ಮರೆಮಾಚದಿರುವುದು. ಕಲಿಯುವ ಯಂತ್ರಗಳನ್ನು ಅವಸರದಲ್ಲಿ ಮಾರುಕಟ್ಟೆಗೆ ಬಿಡುತ್ತಿರುವ ಮಹದೇವಪುರದ ಇಂಜಿನಿಯರುಗಳು ವಿದ್ಯಾಸಾಗರ್ ಅವರನ್ನು ಓದಬೇಕು. ಸೂತ್ರಗಳಿಗಾಗಿ ಅಲ್ಲದಿದ್ದರೂ ಆ ಪ್ರಾಮಾಣಿಕತೆಗಾಗಿ.