ಹಳೆಯ ವಿದ್ಯುತ್ ಗಿಟಾರುಗಳೂ ಭಾವಪೂರ್ಣ ವಾದನವೂ

ವಾದ್ಯದ ಮೇಲಣ ಪ್ರೀತಿಗೂ ಸಂಗೀತದ ಮೇಲಣ ಪ್ರೀತಿಗೂ ಇರುವ ಸಂಬಂಧವು ಬಹು ಸೂಕ್ಷ್ಮವಾದುದು. ಒಂದು ಇನ್ನೊಂದನ್ನು ಬೆಳೆಸಲೂ ಬಲ್ಲುದು, ನುಂಗಲೂ ಬಲ್ಲುದು. ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಉಂಟು. ಅದಕ್ಕೊಂದು ಮರುಮುಖವೂ ಇದೆಯೆಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ಚೆನ್ನಾಗಿ ಕುಣಿದವಳ ಕಾಲಡಿಯ ನೆಲವನ್ನೇ ಅಗೆದು ಮನೆಗೊಯ್ದರೆ ತಮಗೂ ಕುಣಿತ ಬಂದೀತೆಂದು ನಂಬುವವರೂ ಲೋಕದಲ್ಲಿದ್ದಾರೆ. ಹಳೆಯ ವಿದ್ಯುತ್ ಗಿಟಾರುಗಳನ್ನು ಅರಸಿ, ಅವುಗಳಿಗಾಗಿ ಮನೆಯ ಬೆಲೆಯನ್ನೇ ತೆರುವ ಪಾಶ್ಚಾತ್ಯ ರಸಿಕರನ್ನು ಕಂಡಾಗ ಮೊದಲು ತೋರುವುದು ಈ ಮಾತೇ. ಆದರೆ ಒಂದು ಜನದ ಪ್ರೀತಿಯನ್ನು ನಗೆಯಾಡಿ ಬಿಟ್ಟರೆ ವಿಮರ್ಶೆಯ ಕೆಲಸ ಮುಗಿಯುವುದಿಲ್ಲ. ಆ ಪ್ರೀತಿಯಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ವಾಚಕರಲ್ಲಿ ಕೆಲವರಿಗೆ ಈ ವಾದ್ಯದ ರಚನೆ ಪರಿಚಿತವಿಲ್ಲದಿರಬಹುದಾದುದರಿಂದ ಎರಡು ಮಾತು ಹೇಳುವುದು ಅವಶ್ಯಕ. ಸಾಮಾನ್ಯ ಗಿಟಾರಿನಲ್ಲಿ ತಂತಿಯ ಕಂಪನವನ್ನು ಮರದ ಟೊಳ್ಳು ಪೆಟ್ಟಿಗೆಯು ದೊಡ್ಡದು ಮಾಡುತ್ತದೆ. ವಿದ್ಯುತ್ ಗಿಟಾರಿನಲ್ಲಿಯಾದರೋ ಉಕ್ಕಿನ ತಂತಿಗಳ ಕೆಳಗೆ ಒಂದು ಆಯಸ್ಕಾಂತವೂ ಅದರ ಸುತ್ತ ಕೂದಲಿನಂತಹ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಮೇಲಣ ತಂತಿ ಅದುರಿದಾಗ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ ಹರಿಯುತ್ತದೆ. ಅದನ್ನು ಧ್ವನಿವರ್ಧಕವು ಹಿಗ್ಗಿಸಿ ನಾದವಾಗಿಸುತ್ತದೆ. ೧೯೩೦ರ ದಶಕದ ಆರಂಭದಲ್ಲಿ ಹವಾಯಿ ಪದ್ಧತಿಯ ಗಿಟಾರುಗಳಿಗೆ ಈ ಉಪಾಯವನ್ನು ಅಳವಡಿಸಲಾಯಿತು. ೧೯೫೧ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರನು ಟೆಲಿಕ್ಯಾಸ್ಟರ್ ಎಂಬ ಘನಮರದ ಗಿಟಾರನ್ನೂ ೧೯೫೪ರಲ್ಲಿ ಸ್ಟ್ರಾಟೋಕ್ಯಾಸ್ಟರನ್ನೂ ಮಾರುಕಟ್ಟೆಗೆ ತಂದನು. ಈತನು ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು; ಗಿಟಾರನ್ನು ನುಡಿಸಲು ಅರಿಯದವನು! ಮಿಷಿಗನ್ ಪ್ರಾಂತದ ಕಲಮಜೂ ಪಟ್ಟಣದ ಗಿಬ್ಸನ್ ಕಾರ್ಖಾನೆಯವರು ೧೯೫೨ರಲ್ಲಿ ಲೆಸ್ ಪಾಲ್ ಎಂಬ ಪ್ರಸಿದ್ಧ ವಾದಕನ ಹೆಸರಿನಲ್ಲಿ ಮತ್ತೊಂದು ಗಿಟಾರನ್ನು ಹೊರತಂದರು. ಮಹಾಗನಿಯ ಒಡಲು, ಅದರ ಮೇಲೆ ಮೇಪಲ್ ಮರದ ಹೊದಿಕೆ. ೧೯೫೭ರಲ್ಲಿ ಇದಕ್ಕೆ ಸೆತ್ ಲವರ್ ಎಂಬ ಯಂತ್ರಜ್ಞನ ಕಲ್ಪನೆಯಾದ ಜೋಡಿಸುರುಳಿ ಸೇರಿತು. ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಹೊಂದಿಸಿದುದರಿಂದ ದೀಪ ಮತ್ತು ಯಂತ್ರಗಳಿಂದ ನುಸುಳುವ ಗುಂಯ್ ಎಂಬ ಸದ್ದು ತನ್ನಷ್ಟಕ್ಕೆ ತಾನೇ ಅಡಗಿ, ತಂತಿಯ ನಾದವು ಮಾತ್ರ ಪುಷ್ಟವಾಗಿ ಉಳಿಯುತ್ತಿತ್ತು.

೧೯೫೮ರಿಂದ ೧೯೬೦ರವರೆಗೆ ಈ ಗಿಟಾರನ್ನು ಸೂರ್ಯಾಸ್ತದಂತೆ ನಡುವೆ ಹಳದಿಯಾಗಿ ಅಂಚಿಗೆ ಕೆಂಪೇರುವ ಬಣ್ಣದಲ್ಲಿ ಮಾಡುತ್ತಿದ್ದರು. ಇಂತಹವು ಆದುದು ಸುಮಾರು ೧೫೦೦ ಮಾತ್ರ. ಆಗ ಅವನ್ನು ಕೇಳುವವರು ಕಡಿಮೆಯಾದುದರಿಂದ ಕಾರ್ಖಾನೆಯವರು ಆ ಆಕಾರವನ್ನೇ ಕೈಬಿಟ್ಟರು. ೧೯೬೬ರಲ್ಲಿ ಇಂಗ್ಲೆಂಡಿನ ಎರಿಕ್ ಕ್ಲ್ಯಾಪ್ಟನನು ಜಾನ್ ಮೇಯಲನ ಬ್ಲೂಸ್‌ಬ್ರೇಕರ್ಸ್ ಮೇಳದ ಧ್ವನಿಮುದ್ರಿಕೆಯಲ್ಲಿ ಇಂತಹುದೊಂದನ್ನು ಮಾರ್ಷಲ್ ಧ್ವನಿವರ್ಧಕಕ್ಕೆ ಜೋಡಿಸಿ, ನಾದವು ಒಡೆಯುವಷ್ಟು ಗಟ್ಟಿಯಾಗಿ ನುಡಿಸಿದನು. ದಪ್ಪನಾಗಿ, ಬಹುಕಾಲ ನಿಲ್ಲುವ, ಕಂಠದಂತೆ ಕೂಗುವ ಆ ಧ್ವನಿಯನ್ನು ಕೇಳಿದ ತರುಣರು ಮೂಲೆಗುಂಪಾಗಿದ್ದ ಗಿಟಾರುಗಳನ್ನು ಹುಡುಕಲಾರಂಭಿಸಿದರು. ೧೯೬೮ರಲ್ಲಿ ಗಿಬ್ಸನರು ಮತ್ತೆ ಲೆಸ್ ಪಾಲನ್ನು ಮಾಡತೊಡಗಿದರೂ ರಸಿಕರಿಗೆ ತೃಪ್ತಿಯಾಗಲಿಲ್ಲ. ಇಂದು ಆ ಮೂರು ವರ್ಷಗಳ ಗಿಟಾರೊಂದು ಲಕ್ಷಗಟ್ಟಲೆ ಡಾಲರುಗಳಿಗೆ ಮಾರಾಟವಾಗುತ್ತದೆ.

ಈ ಮೋಹಕ್ಕೆ ಆಧಾರವಿಲ್ಲವೆನ್ನಲಾಗದು. ಅಂದಿನ ಸುರುಳಿಗಳನ್ನು ಸುತ್ತುವಾಗ ಸುತ್ತಿನ ಸಂಖ್ಯೆ ಒಂದೊಂದಕ್ಕೆ ಒಂದೊಂದಾಗುತ್ತಿತ್ತು. ಆಯಸ್ಕಾಂತಗಳ ಬಲವೂ ಸಮನಾಗಿರಲಿಲ್ಲ. ಆದುದರಿಂದ ಒಂದೇ ದಿನ ಹುಟ್ಟಿದ ಎರಡು ಗಿಟಾರುಗಳಿಗೂ ಬೇರೆಬೇರೆ ಕಂಠ. ಕೆಂಪು ಬಣ್ಣವು ಬಿಸಿಲಿಗೆ ಮಾಸುವ ಜಾತಿಯದಾದ ಕಾರಣ, ಅಂಗಡಿಯ ಕಿಟಕಿಯಲ್ಲಿ ತೂಗಿದ್ದು ಜೇನಿನ ಬಣ್ಣಕ್ಕೆ ತಿರುಗಿತು, ಪೆಟ್ಟಿಗೆಯಲ್ಲಿದ್ದುದು ಕೆಂಪಾಗಿಯೇ ಉಳಿಯಿತು. ಬೆರಳಿಡುವ ಪಟ್ಟಿಗೆ ಬಳಸಿದ ಬ್ರೆಜಿಲ್ ದೇಶದ ಬೀಟೆಯ ಜಾತಿಯ ಮರವು ವಿರಳವಾಗಿ, ೧೯೯೨ರಿಂದ ಅಂತರರಾಷ್ಟ್ರೀಯ ಒಪ್ಪಂದದಂತೆ ಅದರ ವ್ಯಾಪಾರವೇ ನಿಷೇಧಕ್ಕೊಳಗಾಯಿತು. ಒಂದೊಂದು ವಾದ್ಯಕ್ಕೂ ಒಂದೊಂದು ಜಾತಕವೆಂಬಂತಾದ ಮೇಲೆ ರಸಿಕನು ಅದರಲ್ಲಿ ವ್ಯಕ್ತಿತ್ವವನ್ನು ಕಾಣುವುದು ಸಹಜವೇ ಸರಿ.

ಆದರೆ ಇಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು, ಭಾವವು ಆ ಮರದಲ್ಲಿಯೇ ಅಡಗಿದೆಯೆಂದರೆ ಒಪ್ಪುವುದು ಕಷ್ಟ. ಇದಕ್ಕೆ ಒಂದು ಗಿಟಾರಿನ ಚರಿತ್ರೆಯನ್ನೇ ಸಾಕ್ಷಿಯಾಗಿ ಕರೆಯುತ್ತೇನೆ.

ಲಂಡನ್ನಿನ ಬಡವರ ಬೀದಿಗಳಾದ ಬೆತ್ನಲ್ ಗ್ರೀನಿನಲ್ಲಿ ೧೯೪೬ರಲ್ಲಿ ಹುಟ್ಟಿದ ಪೀಟರ್ ಗ್ರೀನನು ಕ್ಲ್ಯಾಪ್ಟನನು ಬಿಟ್ಟ ಸ್ಥಾನಕ್ಕೆ ಬ್ಲೂಸ್‌ಬ್ರೇಕರ್ಸ್ ಮೇಳವನ್ನು ಸೇರಿ, ೧೯೬೭ರಲ್ಲಿ ಫ್ಲೀಟ್‌ವುಡ್ ಮ್ಯಾಕ್ ಎಂಬ ತನ್ನದೇ ಮೇಳವನ್ನು ಕಟ್ಟಿದನು. ಅವನ ಕೈಯಲ್ಲಿದ್ದುದು ೧೯೫೯ರ ಒಂದು ಲೆಸ್ ಪಾಲ್. ಬಳಸಿದ ಸಾಮಾನಾಗಿ ಕೊಂಡದ್ದು. ಅದರ ಎರಡು ಜೋಡಿಸುರುಳಿಗಳಲ್ಲಿ ಕತ್ತಿನ ಕಡೆಯದರ ಆಯಸ್ಕಾಂತವು ತಿರುವುಮುರುವಾಗಿತ್ತು. ಹೀಗಾದುದರಿಂದ ಎರಡನ್ನೂ ಒಟ್ಟಿಗೆ ತೆರೆದಾಗ ಒಂದರ ನಾದವನ್ನು ಇನ್ನೊಂದು ಸ್ವಲ್ಪಮಟ್ಟಿಗೆ ಅಳಿಸಿ, ಉಳಿದದ್ದು ತೆಳುವಾದ, ಮೂಗಿನಿಂದ ಬಂದಂತಹ, ಬಿಕ್ಕುವ ಕಂಠದಂತಹ ಒಂದು ಸ್ವರ. ಕಾರ್ಖಾನೆಯ ಲೆಕ್ಕದಲ್ಲಿ ಅದು ದೋಷ. ತಿಳಿದ ಕೆಲಸಗಾರನು ಕೂಡಲೆ ಸರಿಪಡಿಸುತ್ತಿದ್ದನು. ಗ್ರೀನನು ಆ ದೋಷವನ್ನೇ ತನ್ನ ಮಾತನ್ನಾಗಿ ಮಾಡಿಕೊಂಡನು.

೧೯೬೮ರಲ್ಲಿ ಅವನು ಹಾಡಿ ನುಡಿಸಿದ ‘ನೀಡ್ ಯುವರ್ ಲವ್ ಸೋ ಬ್ಯಾಡ್’ ಎಂಬುದನ್ನು ಕೇಳಬೇಕು. ಇದು ಮೂಲತಃ ಲಿಟ್ಲ್ ವಿಲ್ಲಿ ಜಾನ್ ಎಂಬ ಕರಿಯ ಗಾಯಕನು ೧೯೫೫ರಲ್ಲಿ ಹಾಡಿದ ಗೀತೆ. ಗ್ರೀನನು ಹಾಡಿನ ಒಂದು ಸಾಲನ್ನು ಮುಗಿಸಿದೊಡನೆ ಗಿಟಾರು ಅದಕ್ಕೆ ಉತ್ತರ ಕೊಡುತ್ತದೆ. ಉತ್ತರವೂ ದೀರ್ಘವಲ್ಲ, ನಾಲ್ಕೈದು ಸ್ವರ, ಆಮೇಲೆ ಮೌನ. ಸ್ವರವನ್ನು ನೇರವಾಗಿ ಮುಟ್ಟದೆ ಕೆಳಗಿನಿಂದ ತಂತಿಯನ್ನು ಎಳೆದು ಅಲ್ಲಿಗೆ ಏರಿಸುವುದು, ಏರಿದ ಮೇಲೆ ಬೆರಳಿನಿಂದ ಮೆಲ್ಲನೆ ಅಲುಗಿಸುವುದು, ಬಿಡುವಾಗ ಅವಸರವಿಲ್ಲದಿರುವುದು—ಇಷ್ಟೆ ಅವನ ಸಾಮಗ್ರಿ. ವೀಣೆಯ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕವನ್ನು ತೆಗೆಯುವುದನ್ನು ಕೇಳಿ ಬೆಳೆದ ನಮ್ಮ ಕಿವಿಗೆ ಇದು ಅಪರಿಚಿತವೆನಿಸುವುದಿಲ್ಲ. ರಾಗದ ವ್ಯವಸ್ಥೆ ಬೇರೆ, ತಾಳದ ನಡೆ ಬೇರೆ. ಆದರೆ ಸ್ವರವೆಂಬುದು ಒಂದು ಬಿಂದುವಲ್ಲ, ಅದಕ್ಕೆ ಹೋಗುವ ದಾರಿಯೂ ಸ್ವರವೇ ಎಂಬ ತಿಳಿವು ಎರಡು ಕಡೆಯೂ ಒಂದೇ.

ಬ್ಲೂಸ್ ಸಂಗೀತದ ಹಿರಿಯನಾದ ಬಿ. ಬಿ. ಕಿಂಗನು ಗ್ರೀನನ ನಾದವನ್ನು ಮುಕ್ತಕಂಠದಿಂದ ಹೊಗಳಿದನು. ಕಿಂಗನ ಹೊಗಳಿಕೆಗೆ ಬೆಲೆಯುಂಟು. ಏಕೆಂದರೆ ಗ್ರೀನನು ಕಲಿತದ್ದು ಆ ಬಳಿಯಿಂದಲೇ. ೧೯೨೫ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿ, ಹತ್ತಿಯ ಹೊಲಗಳಲ್ಲಿ ದುಡಿದ ಕಿಂಗನಿಗೆ ಬುಕ್ಕಾ ವೈಟ್ ಎಂಬ ಬಂಧುವೊಬ್ಬನಿದ್ದನು. ಅವನು ತಂತಿಯ ಮೇಲೆ ಲೋಹದ ಕೊಳವೆಯನ್ನು ಜಾರಿಸಿ ಅಳುವಂತಹ ನಾದವನ್ನು ಹೊರಡಿಸುತ್ತಿದ್ದನು. ಆ ವಿದ್ಯೆ ಕಿಂಗನ ಕೈಗೆ ಹತ್ತಲಿಲ್ಲ. ಬೆರಳನ್ನೇ ವೇಗವಾಗಿ ನಡುಗಿಸಿ ಅದೇ ಪರಿಣಾಮವನ್ನು ತರಲು ಅವನು ಯತ್ನಿಸಿದನು. ಆ ನಡುಕವೇ ಕೊನೆಗೆ ಲೋಕಪ್ರಸಿದ್ಧವಾಯಿತು. ಹಾಡುತ್ತ ನುಡಿಸುವುದೂ ಅವನಿಗೆ ಸಾಧ್ಯವಾಗುತ್ತಿರಲಿಲ್ಲ. ಆದುದರಿಂದ ಹಾಡುವಾಗ ಗಿಟಾರು ಸುಮ್ಮನಿರುತ್ತಿತ್ತು, ಗಿಟಾರು ನುಡಿಯುವಾಗ ಅವನು ಕೇಳುತ್ತಿದ್ದನು. ಇಲ್ಲಿ ಕೈಗೆ ಕೊರತೆ, ಅಲ್ಲಿ ವಾದ್ಯಕ್ಕೆ ಕೊರತೆ. ಎರಡೂ ಕಡೆ ಕೊರತೆಗೆ ಕಲಾವಿದನು ಕೊಟ್ಟ ಉತ್ತರವೇ ಶೈಲಿಯಾಯಿತು. ಭಾವಪೂರ್ಣ ವಾದನವೆಂಬ ಮಾತಿಗೆ ನಾನು ಕಂಡ ಅರ್ಥವಿದು. ನಿಧಾನವಾಗಿ ನುಡಿಸುವುದೂ ಕಣ್ಣು ಮುಚ್ಚಿ ಮುಖ ಕಿವುಚುವುದೂ ಭಾವದ ಹೊರಚಿಹ್ನೆಗಳು. ಅವನ್ನು ಯಾರು ಬೇಕಾದರೂ ತೊಟ್ಟುಕೊಳ್ಳಬಹುದು.

ಕಿಂಗನ ಗಿಟಾರಿನ ಹೆಸರು ಲೂಸಿಲ್. ೧೯೪೯ರ ಚಳಿಗಾಲದಲ್ಲಿ ಅರ್ಕನ್ಸಾ ಪ್ರಾಂತದ ಟ್ವಿಸ್ಟ್ ಎಂಬ ಊರಿನ ನೃತ್ಯಶಾಲೆಯಲ್ಲಿ ಇಬ್ಬರು ಜಗಳವಾಡಿ, ಕಾಯಿಸಲು ಇಟ್ಟಿದ್ದ ಸೀಮೆಎಣ್ಣೆಯ ಪಾತ್ರೆ ಉರುಳಿ ಬೆಂಕಿ ಬಿದ್ದಿತು. ಹೊರಗೆ ಓಡಿಬಂದ ಕಿಂಗನು ತನ್ನ ಅಗ್ಗದ ಗಿಟಾರಿಗಾಗಿ ಉರಿಯುವ ಕಟ್ಟಡದೊಳಗೆ ಮತ್ತೆ ನುಗ್ಗಿದನು. ಜಗಳಕ್ಕೆ ಕಾರಣಳಾದ ಹೆಂಗಸಿನ ಹೆಸರು ಲೂಸಿಲ್ ಎಂದು ಮರುದಿನ ತಿಳಿದು, ಇನ್ನು ಅಂತಹ ಹುಚ್ಚುಸಾಹಸ ಮಾಡದಿರಲೆಂದು ಗಿಟಾರಿಗೆ ಆ ಹೆಸರಿಟ್ಟನು. ಗಮನಿಸಬೇಕಾದುದೇನೆಂದರೆ, ಅನಂತರ ಅವನ ಕೈಗೆ ಬಂದ ಗಿಟಾರುಗಳೆಲ್ಲ ಲೂಸಿಲ್‌ಗಳೇ ಆದವು. ವಾದ್ಯ ಬದಲಾಯಿತು, ಹೆಸರು ಬದಲಾಗಲಿಲ್ಲ, ಧ್ವನಿಯೂ ಬದಲಾಗಲಿಲ್ಲ.

ಗ್ರೀನನ ಗಿಟಾರಿನ ಮುಂದಿನ ಕಥೆ ಇದನ್ನೇ ಇನ್ನೊಂದು ಬಗೆಯಾಗಿ ಹೇಳುತ್ತದೆ. ೧೯೭೦ರಲ್ಲಿ ಗ್ರೀನನು ಕೀರ್ತಿಯ ಶಿಖರದಲ್ಲಿದ್ದಾಗಲೇ ಮೇಳವನ್ನು ಬಿಟ್ಟನು. ಹಣವನ್ನು ಇಟ್ಟುಕೊಳ್ಳುವುದೇ ಪಾಪವೆಂಬ ಭಾವನೆ ಅವನನ್ನು ಕಾಡುತ್ತಿತ್ತು. ಮನಸ್ಸಿನ ರೋಗವೂ ಹಿಡಿದು ಬಹುಕಾಲ ಬಾಧಿಸಿತು. ಆ ದಿನಗಳಲ್ಲಿ ಅವನು ಗಿಟಾರನ್ನು ಬೆಲ್‌ಫಾಸ್ಟಿನ ತರುಣ ವಾದಕ ಗ್ಯಾರಿ ಮೂರನಿಗೆ, ಮೂರನು ತನ್ನದನ್ನು ಮಾರಿ ತಂದ ಅಲ್ಪ ಹಣಕ್ಕೆ ಕೊಟ್ಟುಬಿಟ್ಟನು. ಒಳ್ಳೆಯ ಮನೆ ಸೇರಲಿ ಎಂಬುದಷ್ಟೇ ಅವನ ಆಸೆ. ಮೂರನದು ಬಿರುಸಿನ ಕೈ. ಸ್ವರಗಳು ಮಳೆಯಂತೆ ಸುರಿಯುತ್ತವೆ, ಒಂದೊಂದು ಸ್ವರವೂ ಕೂಗುತ್ತದೆ. ೧೯೯೫ರಲ್ಲಿ ಅವನು ಗುರುಕಾಣಿಕೆಯಾಗಿ ‘ಬ್ಲೂಸ್ ಫಾರ್ ಗ್ರೀನಿ’ ಎಂಬ ಮುದ್ರಿಕೆಯಲ್ಲಿ ಗ್ರೀನನ ಕೃತಿಗಳನ್ನೇ ಅದೇ ಗಿಟಾರಿನಲ್ಲಿ ನುಡಿಸಿದನು. ಮರ ಅದೇ, ತಿರುವಿದ ಆಯಸ್ಕಾಂತ ಅದೇ, ಗೀತೆಯೂ ಅದೇ. ಆದರೂ ಎರಡನ್ನೂ ಒಂದರ ಮೇಲೊಂದು ಕೇಳಿದವನಿಗೆ ವ್ಯತ್ಯಾಸ ಕೂಡಲೆ ತಿಳಿಯುತ್ತದೆ: ಮೂರನು ದುಃಖವನ್ನು ನಮಗೆ ಹೇಳುತ್ತಾನೆ, ಗ್ರೀನನು ತನ್ನಲ್ಲಿಯೇ ಹೇಳಿಕೊಳ್ಳುತ್ತಿರುವುದನ್ನು ನಾವು ಕೇಳಿಸಿಕೊಂಡಂತಾಗುತ್ತದೆ. ೨೦೦೬ರಲ್ಲಿ ಮೂರನು ಅದನ್ನು ಮಾರಿದನು. ೨೦೧೪ರಲ್ಲಿ ಅದು ಮೆಟಾಲಿಕಾ ಮೇಳದ ಕರ್ಕ್ ಹ್ಯಾಮೆಟನ ಕೈಸೇರಿತು. ಅವನು ಅದನ್ನು ಪೆಟ್ಟಿಗೆಯಲ್ಲಿ ಪೂಜಿಸದೆ, ಸಾವಿರಾರು ಜನರೆದುರು ತನ್ನ ಗರ್ಜಿಸುವ ಸಂಗೀತಕ್ಕೆ ಬಳಸುತ್ತಿರುವುದು ಸ್ತುತ್ಯವಾದ ವಿಷಯ.

ಹಾಗಾದರೆ ಹಳೆಯ ವಾದ್ಯದಲ್ಲಿ ಏನೂ ಇಲ್ಲವೆ? ಪಿಟೀಲಿನ ವಿಷಯದಲ್ಲಿ ಇದೇ ಪ್ರಶ್ನೆಯನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ೨೦೧೦ರಲ್ಲಿ ಅಮೆರಿಕದ ಇಂಡಿಯಾನಪೊಲಿಸಿನಲ್ಲಿ ೨೧ ಮಂದಿ ವಾದಕರಿಗೆ ಕಣ್ಣಿಗೆ ಕಾಣದಂತೆ ಮಾಡಿ, ಮೂರು ಹೊಸ ಪಿಟೀಲುಗಳನ್ನೂ, ಸ್ಟ್ರಾಡಿವಾರಿಯ ಎರಡು ಸೇರಿದಂತೆ ಮೂರು ಹಳೆಯ ಇಟಲಿಯ ಪಿಟೀಲುಗಳನ್ನೂ ಕೊಟ್ಟು ನುಡಿಸಿದರು. ಹೆಚ್ಚು ಮಂದಿ ಮೆಚ್ಚಿದ್ದು ಹೊಸದೊಂದನ್ನು. ಎಲ್ಲಕ್ಕಿಂತ ಕಡಿಮೆ ಮೆಚ್ಚಿಕೆ ಪಡೆದುದು ಸ್ಟ್ರಾಡಿವಾರಿಯದೊಂದು. ಈ ಪರೀಕ್ಷೆಯು ಭಕ್ತರಿಗೆ ಕಹಿ ಮದ್ದು. ಆದರೂ ಇದರಿಂದ ಎಲ್ಲವೂ ತೀರಿತೆಂದು ನಾನು ಹೇಳೆನು. ವಾದಕನು ವಾದ್ಯದೊಡನೆ ಕಳೆಯುವುದು ಒಂದು ಗಂಟೆಯನ್ನಲ್ಲ, ಒಂದು ಆಯುಷ್ಯವನ್ನು. ಗ್ರೀನನಿಗೆ ಸರಿಯಾದ ಗಿಟಾರು ಸಿಕ್ಕಿದ್ದರೆ ಆ ಬಿಕ್ಕುವ ಸ್ವರದ ಕಡೆಗೆ ಅವನ ಕೈ ತಿರುಗುತ್ತಿತ್ತೆ? ವಾದ್ಯವು ಭಾವವನ್ನು ಕೊಡಲಾರದು. ಆದರೆ ಭಾವವುಳ್ಳ ಕೈಗೆ ದಾರಿಯೊಂದನ್ನು ತೋರಿಸಬಲ್ಲುದು. ಪಳಗಿದ ವಾದ್ಯದ ಮೇಲಣ ಗೌರವಕ್ಕೆ ಇಷ್ಟು ಆಧಾರ ಸಾಕು.

ಖಂಡಿಸತಕ್ಕದ್ದು ಇದರಾಚೆಯ ಎರಡು ಪ್ರವೃತ್ತಿಗಳನ್ನು. ೧೯೯೫ರಿಂದೀಚೆಗೆ ಹೊಸ ಗಿಟಾರನ್ನೇ ಕಾರ್ಖಾನೆಯಲ್ಲಿ ಗೀರಿ, ಬಣ್ಣ ಕೆದಕಿ, ಲೋಹಕ್ಕೆ ತುಕ್ಕು ಬರಿಸಿ, ಹಳತರಂತೆ ಮಾಡಿ ಹೆಚ್ಚು ಬೆಲೆಗೆ ಮಾರುವ ವಾಡಿಕೆ ಬಂದಿದೆ. ನರೆಗೂದಲನ್ನು ಅಂಟಿಸಿಕೊಂಡ ಮಾತ್ರಕ್ಕೆ ಹುಡುಗನಿಗೆ ಅನುಭವ ಬಂದೀತೆ? ಸವೆತವೆಂಬುದು ಸಾಧನೆಯ ಗುರುತು. ಅದನ್ನು ಕೊಂಡುಕೊಳ್ಳುವವನು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಾನೆ. ಎರಡನೆಯದು ಇನ್ನೂ ಗಂಭೀರವಾದುದು. ಕೊಳ್ಳುವವರಲ್ಲಿ ಹಲವರಿಗೆ ಗಿಟಾರು ಒಂದು ನಿಧಿ. ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೆಲೆಯೇರುವುದನ್ನು ಕಾಯುತ್ತಾರೆ. ಈ ಸಂಗೀತವನ್ನು ಹುಟ್ಟಿಸಿದವರಾದರೋ ಹತ್ತಿಯ ಹೊಲಗಳಿಂದಲೂ ಕಾರ್ಖಾನೆಗಳಿಂದಲೂ ಬಂದ ಬಡ ಕರಿಯರು. ಷಿಕಾಗೋ ನಗರದ ಹೌಂಡ್ ಡಾಗ್ ಟೇಲರನು ಜಪಾನಿನಲ್ಲಿ ತಯಾರಾದ ಅಗ್ಗದ ಗಿಟಾರಿನಿಂದಲೇ ಸಭೆಯನ್ನು ಕುಣಿಸುತ್ತಿದ್ದನು. ಅವರು ನುಡಿಸಿದುದರಿಂದ ಬೆಲೆ ಬಂದ ವಾದ್ಯಗಳು ಅವರ ಮಕ್ಕಳ ಕೈಗೆ ಎಟುಕದಷ್ಟು ದೂರ ಹೋದುವೆಂಬುದು ಸಂತೋಷದ ವಿಷಯವಲ್ಲ. ಡೇವಿಡ್ ಗಿಲ್ಮರನು ೨೦೧೯ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಗಿಟಾರುಗಳನ್ನು ಹರಾಜು ಹಾಕಿಸಿದಾಗ, ಅವನ ಕಪ್ಪು ಸ್ಟ್ರಾಟೋಕ್ಯಾಸ್ಟರೊಂದೇ ೩೯,೭೫,೦೦೦ ಡಾಲರುಗಳಿಗೆ ಹೋಯಿತು. ಬಂದ ಹಣವನ್ನೆಲ್ಲ ಅವನು ಪರಿಸರರಕ್ಷಣೆಯ ಸಂಸ್ಥೆಯೊಂದಕ್ಕೆ ದಾನಮಾಡಿದನು. ವರ್ಷಗಟ್ಟಲೆ ತನ್ನೊಡನೆ ಹಾಡಿದ ವಾದ್ಯಗಳನ್ನು ಹೀಗೆ ಕೈಬಿಟ್ಟವನಿಗೆ, ಸಂಗೀತವು ತನ್ನ ಬಳಿಯೇ ಉಳಿಯುವುದೆಂಬ ಭರವಸೆಯಿದ್ದಿರಬೇಕು.

ಪೀಟರ್ ಗ್ರೀನನು ೨೦೨೦ರ ಜುಲೈಯಲ್ಲಿ ತೀರಿಕೊಂಡನು. ಅಮೂಲ್ಯವಾದುದನ್ನು ಅಲ್ಪಕ್ಕೆ ಕಳೆದುಕೊಂಡನೆಂದು ಅವನಿಗಾಗಿ ಮರುಗುವವರಿದ್ದಾರೆ. ಅವನು ಕೊಟ್ಟದ್ದು ಒಂದು ಮರದ ತುಂಡನ್ನು. ತನ್ನ ಕೈಯನ್ನು ಯಾರಿಗೂ ಕೊಡಲಿಲ್ಲ, ಕೊಡಲು ಬರುವಂತೆಯೂ ಇರಲಿಲ್ಲ. ಆ ಮರವು ಬೆಲೆಬಾಳುವುದು ಆ ಕೈ ಮುಟ್ಟಿದುದರಿಂದ. ನಮ್ಮ ಮನೆಗಳಲ್ಲಿಯೂ ಅಜ್ಜಿಯ ಕಾಲದ ವೀಣೆಯೊಂದು ಗವಸು ಹೊದ್ದು ಮೂಲೆಯಲ್ಲಿ ನಿಂತಿರುವುದುಂಟು. ಅದರ ಹಳಮೆಯನ್ನು ಅತಿಥಿಗಳಿಗೆ ವರ್ಣಿಸುವುದಕ್ಕೆ ಮೊದಲು ಗವಸನ್ನು ತೆಗೆದು ಶ್ರುತಿಮಾಡಿ, ಮಕ್ಕಳ ಬೆರಳನ್ನು ಅದರ ಮೇಲಿಡಿಸುವುದು ಒಳ್ಳೆಯದು.