ಐದು ದಿನದ ಆಯುಸ್ಸು: ಕ್ಯಾನ್ಸರ್ ಮಕ್ಕಳ ಒಳರಕ್ತಸ್ರಾವ ಮತ್ತು ಪೂರ್ವ ಬೆಂಗಳೂರು

ಕ್ಯಾನ್ಸರ್ ಇರುವ ಮಗುವಿನ ಮೈಯೊಳಗೆ ರಕ್ತ ಸೋರಿದಾಗ ಅದಕ್ಕೆ ಗೆಡ್ಡೆಯೇ ನೇರ ಕಾರಣವಾಗಿರುವುದು ಕಡಿಮೆ. ಮೂತ್ರಪಿಂಡದ ವಿಲ್ಮ್ಸ್ ಗೆಡ್ಡೆಯೋ ಯಕೃತ್ತಿನ ಗೆಡ್ಡೆಯೋ ಒಡೆದು ಹೊಟ್ಟೆಯಲ್ಲಿ ರಕ್ತ ತುಂಬುವುದುಂಟು. ಆದರೆ ಬಹುಪಾಲು ಮಕ್ಕಳಲ್ಲಿ ತೊಂದರೆಯ ಮೂಲ ಮೂಳೆಯ ಮಜ್ಜೆ. ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾದ ಕಣಗಳು ಮಜ್ಜೆಯನ್ನು ತುಂಬಿಕೊಂಡಾಗ, ಇಲ್ಲವೇ ಕೀಮೋಥೆರಪಿಯಿಂದ ಮಜ್ಜೆ ಕೆಲವು ವಾರ ಸೊರಗಿದಾಗ, ರಕ್ತ ಹೆಪ್ಪುಗಟ್ಟಿಸುವ ಕಣವಾದ ಪ್ಲೇಟ್‌ಲೆಟ್ ಹುಟ್ಟುವುದು ನಿಲ್ಲುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರಬೇಕಾದ ಎಣಿಕೆ 10,000ಕ್ಕಿಂತ ಕೆಳಗಿಳಿದರೆ ಪೆಟ್ಟು ಬೀಳದೆಯೂ ಕರುಳಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ರಕ್ತ ಒಸರಬಹುದು. ಇದರ ಮೇಲೆ ಸೋಂಕು ಸೇರಿದರೆ ಅಪಾಯ ಹೆಚ್ಚುತ್ತದೆ. ಕೆಲವು ಶಿಲೀಂಧ್ರಗಳು ಶ್ವಾಸಕೋಶದ ರಕ್ತನಾಳವನ್ನೇ ಕೊರೆಯುತ್ತವೆ. ಸೈಕ್ಲೋಫಾಸ್ಫಮೈಡ್, ಐಫಾಸ್ಫಮೈಡ್‌ಗಳಂಥ ಕೀಮೋ ಔಷಧಿಗಳು ಮೂತ್ರಕೋಶದ ಒಳಪದರವನ್ನು ಸುಡಬಹುದು.

1950ರ ದಶಕದಲ್ಲಿ ಲ್ಯುಕೇಮಿಯಾ ಮಕ್ಕಳ ಸಾವಿಗೆ ದೊಡ್ಡ ಕಾರಣ ರಕ್ತಸ್ರಾವವೇ ಆಗಿತ್ತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಎಮಿಲ್ ಫ್ರೈರೈಕ್ ಈ ಮಕ್ಕಳಿಗೆ ತಾಜಾ ಪ್ಲೇಟ್‌ಲೆಟ್ ಕೊಟ್ಟು ರಕ್ತ ನಿಲ್ಲುವುದನ್ನು ತೋರಿಸಿದರು. ಎಣಿಕೆ ಇಳಿದಂತೆ ರಕ್ತಸ್ರಾವ ಏರುತ್ತದೆ ಎಂಬುದನ್ನು 1962ರಲ್ಲಿ ಅವರ ತಂಡ 92 ರೋಗಿಗಳ ದಾಖಲೆಯಿಂದ ಸ್ಥಾಪಿಸಿತು. ದಾನಿಯ ರಕ್ತದಿಂದ ಬೇಕಾದ ಕಣವನ್ನಷ್ಟೇ ತೆಗೆದು ಉಳಿದದ್ದನ್ನು ದಾನಿಗೇ ಮರಳಿಸುವ ಯಂತ್ರವನ್ನು ಅವರೊಂದಿಗೆ ಕೂಡಿ ರೂಪಿಸಿದವರು ಐಬಿಎಂ ಕಂಪನಿಯ ಎಂಜಿನಿಯರ್ ಜಾರ್ಜ್ ಜಡ್ಸನ್. ಅವರ ಮಗನಿಗೂ ಲ್ಯುಕೇಮಿಯಾ ಇತ್ತು. ಇಂದು ಬೆಂಗಳೂರಿನ ರಕ್ತನಿಧಿಗಳಲ್ಲಿ ದಾನಿಯನ್ನು ಒಂದೂವರೆ ಗಂಟೆ ಒರಗಿಸಿ ಕೂರಿಸಿ ಪ್ಲೇಟ್‌ಲೆಟ್ ತೆಗೆಯುವ ಯಂತ್ರಗಳು ಆ ವಂಶಕ್ಕೇ ಸೇರಿದವು.

ಎಣಿಕೆ 10,000ಕ್ಕಿಂತ ಕೆಳಗಿಳಿದ ಕೂಡಲೇ, ರಕ್ತ ಬರುವುದಕ್ಕೆ ಮೊದಲೇ ಪ್ಲೇಟ್‌ಲೆಟ್ ಕೊಡುವುದು ಈಗಿನ ರೂಢಿ. ರಕ್ತ ಸುರಿಯುತ್ತಿದ್ದರೆ 50,000ಕ್ಕಿಂತ ಮೇಲೆ, ಮಿದುಳಿನಲ್ಲಾದರೆ 1 ಲಕ್ಷದ ಹತ್ತಿರ ಹಿಡಿದಿಡಲು ಯತ್ನಿಸುತ್ತಾರೆ. ಈ ಅಂಕಿಗಳು ಉಪಯುಕ್ತವೇ, ಆದರೆ ಅವನ್ನೇ ನಂಬಿ ಕೂರುವುದು ತಪ್ಪು. 2010ರಲ್ಲಿ ಪ್ರಕಟವಾದ ಪ್ಲಾಡೋ ಎಂಬ ಪ್ರಯೋಗದಲ್ಲಿ ಪ್ಲೇಟ್‌ಲೆಟ್ ಪ್ರಮಾಣ ಹೆಚ್ಚಿಸಿದರೂ ತಗ್ಗಿಸಿದರೂ ರಕ್ತಸ್ರಾವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದೇ ಪ್ರಯೋಗದ ಮಕ್ಕಳನ್ನು ಬೇರೆಯಾಗಿ ನೋಡಿದಾಗ, 12 ವರ್ಷದೊಳಗಿನವರಲ್ಲಿ ಶೇ 85ಕ್ಕಿಂತ ಹೆಚ್ಚು ಮಂದಿಗೆ ಗಮನಾರ್ಹ ರಕ್ತಸ್ರಾವವಾಗಿತ್ತು. ವಯಸ್ಕರಲ್ಲಿ ಅದು ಶೇ 67. ದೊಡ್ಡವರ ಅಳತೆಗೋಲು ಮಕ್ಕಳಿಗೆ ಸಾಲದು. ಜ್ವರ, ಸೋಂಕು, ಬಾಯಿಹುಣ್ಣು ಇರುವ ಮಗುವನ್ನು ವರದಿಯ ಅಂಕಿಗಿಂತ ಹೆಚ್ಚಾಗಿ ಕಣ್ಣಿಟ್ಟು ನೋಡಬೇಕಾಗುತ್ತದೆ.

ಕಷ್ಟ ಇರುವುದು ಪ್ಲೇಟ್‌ಲೆಟ್‌ನ ಸ್ವಭಾವದಲ್ಲಿ. ಕೆಂಪುಕಣವನ್ನು ತಂಪಿನಲ್ಲಿ 35ರಿಂದ 42 ದಿನ ಇಡಬಹುದು, ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸಿ ಒಂದು ವರ್ಷ ಇಡಬಹುದು. ಪ್ಲೇಟ್‌ಲೆಟ್ ಮಾತ್ರ 20ರಿಂದ 24 ಡಿಗ್ರಿಯಲ್ಲಿ, ಮೆಲ್ಲಗೆ ತೂಗುತ್ತಲೇ ಇರುವ ಯಂತ್ರದ ಮೇಲೆ, ಐದೇ ದಿನ ಬಾಳುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳಿಗೆ ಹೋಗುವ ಹೊತ್ತೂ ಅದರಲ್ಲೇ ಕಳೆಯುತ್ತದೆ. ಹಬ್ಬದ ಸಾಲುರಜೆ ಬಂದು ಶಿಬಿರಗಳು ನಡೆಯದಿದ್ದರೆ ಕಪಾಟು ಖಾಲಿಯಾಗುತ್ತದೆ. ಮಳೆಗಾಲದಲ್ಲಿ ಡೆಂಗಿ ಹೆಚ್ಚಿದಾಗಲಂತೂ ಅದೇ ಪ್ಲೇಟ್‌ಲೆಟ್ ಚೀಲಕ್ಕೆ ಊರಿಗೆ ಊರೇ ಕೈಚಾಚುತ್ತದೆ.

ಈ ದೃಷ್ಟಿಯಿಂದ ಪೂರ್ವ ಬೆಂಗಳೂರಿನ ನಿಜವಾದ ಬಲ ಇಂದಿರಾನಗರದ ಆಚೆ ಹೊಸ ತಿಪ್ಪಸಂದ್ರದಲ್ಲಿದೆ. 1984ರಲ್ಲಿ ಆರಂಭವಾದ ಬೆಂಗಳೂರು ಮೆಡಿಕಲ್ ಸರ್ವಿಸಸ್ ಟ್ರಸ್ಟ್ ಅಲ್ಲಿ ರೋಟರಿ ಟಿಟಿಕೆ ರಕ್ತನಿಧಿಯನ್ನು ನಡೆಸುತ್ತಿದೆ. ಯಾವುದೇ ಒಂದು ಆಸ್ಪತ್ರೆಗೆ ಅಂಟಿಕೊಳ್ಳದೆ ಹಲವು ಆಸ್ಪತ್ರೆಗಳಿಗೆ ರಕ್ತ ಒದಗಿಸುವ, ಸ್ವಯಂಪ್ರೇರಿತ ದಾನಿಗಳನ್ನು ನೆಚ್ಚಿಕೊಂಡ ಈ ಮಾದರಿ ಕ್ಯಾನ್ಸರ್ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ. ಹಾಸಿಗೆ ಎಲ್ಲಿದ್ದರೂ ಚೀಲ ಒಂದೇ ಕಡೆಯಿಂದ ಬರಬಹುದು. ಒಂದು ಆಸ್ಪತ್ರೆಯಲ್ಲಿ ಬೇಡವಾಗಿ ಅವಧಿ ಮೀರುವ ಚೀಲ ಇನ್ನೊಂದರ ಮಗುವಿಗೆ ಸಲ್ಲಬಹುದು.

ಇದಕ್ಕೆ ತದ್ವಿರುದ್ಧವಾದದ್ದು, ಬಳಸಿದ ರಕ್ತಕ್ಕೆ ರೋಗಿಯ ಕಡೆಯವರೇ ದಾನಿಯನ್ನು ಒದಗಿಸಬೇಕಾದ ಬದಲಿ ರಕ್ತದಾನದ ಪದ್ಧತಿ. ಹಣಕ್ಕೆ ರಕ್ತ ಕೊಡುವುದನ್ನು ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಆದೇಶಿಸಿತು. 2002ರ ರಾಷ್ಟ್ರೀಯ ರಕ್ತ ನೀತಿ ಬದಲಿ ದಾನವನ್ನೂ ಕ್ರಮೇಣ ಬಿಡಬೇಕೆಂದಿತು. ಆದರೂ 'ದಾನಿಯನ್ನು ಕರೆತನ್ನಿ' ಎಂಬ ಮಾತು ದೇಶದ ವಾರ್ಡುಗಳಲ್ಲಿ ಇಂದಿಗೂ ಕೇಳುತ್ತದೆ. ಕೋಲಾರ, ಮುಳಬಾಗಿಲು, ಹೊಸಕೋಟೆ ಕಡೆಯಿಂದ ಕೆ.ಆರ್. ಪುರದಲ್ಲಿ ಇಳಿಯುವ ಕುಟುಂಬಕ್ಕೆ ನಗರದಲ್ಲಿ ಪರಿಚಯಸ್ಥರೇ ಇರುವುದಿಲ್ಲ. ಇದ್ದವರೆಂದರೆ ಅಪ್ಪ, ಚಿಕ್ಕಪ್ಪ, ಸೋದರಮಾವ. ಅವರೇ ತೋಳು ಚಾಚುತ್ತಾರೆ. ವೈದ್ಯಕೀಯವಾಗಿ ಸಲ್ಲದ ಕೆಲಸ ಅದು. ಮುಂದೆ ಅಸ್ಥಿಮಜ್ಜೆ ಕಸಿ ಬೇಕಾಗಬಹುದಾದ ಮಗುವಿಗೆ ರಕ್ತಸಂಬಂಧಿಗಳ ರಕ್ತ ಏರಿಸಿದರೆ, ಕಸಿಯ ದಾನಿಯ ವಿರುದ್ಧವೇ ಮಗುವಿನ ಮೈ ಪ್ರತಿಕಾಯ ಕಟ್ಟಿಕೊಳ್ಳಬಹುದು. ಸಂಬಂಧಿಯ ರಕ್ತದ ಬಿಳಿಕಣಗಳು ಮಗುವಿನ ದೇಹದಲ್ಲಿ ಬೇರೂರಿ ಅದರ ಮೇಲೇ ತಿರುಗಿ ಬೀಳುವ ಮಾರಕ ಅಪಾಯವೂ ಇದೆ. ಅದನ್ನು ತಡೆಯಲು ಆ ರಕ್ತಕ್ಕೆ ವಿಕಿರಣ ಹಾಯಿಸಲೇಬೇಕು. ಮಗುವಿಗಾಗಿ ಏನನ್ನಾದರೂ ಕೊಡಲು ಸಿದ್ಧನಿರುವ ತಂದೆಯನ್ನು, ಅವನು ಕೊಡಬಾರದ ಒಂದನ್ನೇ ಕೊಡುವಂತೆ ಒತ್ತುವ ಈ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ. ಸಂಬಂಧಿಗಳಲ್ಲದ ದಾನಿಗಳ ಚೀಲದಲ್ಲೂ ಬಿಳಿಕಣ ಸೋಸುವುದು ಅಗತ್ಯ. ಇಲ್ಲವಾದರೆ ಹಲವು ಬಾರಿ ಏರಿಸಿದ ಮೇಲೆ ಎಷ್ಟು ಕೊಟ್ಟರೂ ಎಣಿಕೆ ಏರದ ಸ್ಥಿತಿ ಬರಬಹುದು. ಕೊಟ್ಟ ಒಂದು ಗಂಟೆಯೊಳಗೆ ಎಣಿಕೆ ನೋಡಿದರೆ ಇದು ಬೇಗ ಗೊತ್ತಾಗುತ್ತದೆ. ಈ ಸಣ್ಣ ಪರೀಕ್ಷೆಯನ್ನು ಯಾವ ವಾರ್ಡೂ ಬಿಡಬಾರದು.

ಸಾಗಣೆಯೂ ಚಿಕಿತ್ಸೆಯ ಭಾಗ. ಪ್ಲೇಟ್‌ಲೆಟ್ ಚೀಲವನ್ನು ಐಸ್ ತುಂಬಿದ ಡಬ್ಬಿಯಲ್ಲಿ ಇಟ್ಟರೆ ಕಣಗಳ ಆಕಾರ ಕೆಡುತ್ತದೆ, ಮೈಗೆ ಹೋದ ಮೇಲೆ ಬೇಗ ಮಾಯವಾಗುತ್ತವೆ. ಕೆಂಪುಕಣಕ್ಕೆ ಐಸ್ ಬೇಕು, ಇದಕ್ಕೆ ಬೇಡ ಎಂಬುದನ್ನು ಡಬ್ಬಿ ಹಿಡಿದು ಆಟೋ ಹತ್ತುವವರಿಗೆ ಅವರ ಭಾಷೆಯಲ್ಲೇ ಹೇಳಬೇಕು. ಶಿವಾಜಿನಗರದಲ್ಲಿ ಅದು ಉರ್ದು, ಹಲಸೂರಿನಲ್ಲಿ ತಮಿಳು, ಕೋಲಾರದವರಿಗೆ ಕನ್ನಡವೋ ತೆಲುಗೋ. ಟಿನ್ ಫ್ಯಾಕ್ಟರಿ ಬಳಿ ವಾಹನಗಳು ಸಿಲುಕಿ ನಿಂತ ಸಂಜೆ ಹಳೆ ಮದ್ರಾಸು ರಸ್ತೆಯಲ್ಲಿ ಕಳೆಯುವ ಸಮಯ ರಕ್ತ ಸುರಿಯುತ್ತಿರುವ ಮಗುವಿನ ಪಾಲಿಗೆ ನಷ್ಟ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ ಮತ್ತು ಕೆ.ಆರ್. ಪುರದ ನಡುವೆ ಮೆಟ್ರೊ ಕೂಡಿಕೊಂಡಿದ್ದು ದಾನಿಗಳಿಗೆ ನಿಜಕ್ಕೂ ಅನುಕೂಲವಾಯಿತು.

ಪ್ಲೇಟ್‌ಲೆಟ್‌ನಿಂದಷ್ಟೇ ನಿಲ್ಲದ ರಕ್ತಸ್ರಾವವೂ ಇದೆ. ಪ್ರೋಮೈಲೋಸೈಟಿಕ್ ಎಂಬ ಬಗೆಯ ಲ್ಯುಕೇಮಿಯಾದಲ್ಲಿ ರೋಗದ ಕಣಗಳೇ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಹದಗೆಡಿಸುತ್ತವೆ. ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್ ಆದ ಫೈಬ್ರಿನೋಜನ್ ಕರಗಿಹೋಗುತ್ತದೆ, ಅದನ್ನು ತುಂಬಲು ಪ್ಲಾಸ್ಮಾದಿಂದ ತೆಗೆಯುವ ಕ್ರಯೋಪ್ರೆಸಿಪಿಟೇಟ್ ಬೇಕು. 1985ರಲ್ಲಿ ಶಾಂಘೈನ ವಾಂಗ್ ಝೆನ್‌ಯಿ, ಸಾವಿನಂಚಿನಲ್ಲಿದ್ದ ಐದು ವರ್ಷದ ಹುಡುಗಿಗೆ ಎ ಜೀವಸತ್ವದ ಒಂದು ರೂಪವಾದ ರೆಟಿನೋಯಿಕ್ ಆಮ್ಲ ಕೊಟ್ಟು ಬದುಕಿಸಿದರು. ಇಂದು ಈ ರೋಗದ ಅನುಮಾನ ಬಂದ ದಿನವೇ, ಅಂತಿಮ ವರದಿಗೆ ಕಾಯದೆ ಆ ಮಾತ್ರೆ ಶುರುಮಾಡುವುದು ಸರ್ವಸಮ್ಮತ ಕ್ರಮ. ಮಾತ್ರೆಯೊಂದು ಇಷ್ಟು ಕೆಲಸ ಮಾಡುವ ಉದಾಹರಣೆ ಕ್ಯಾನ್ಸರ್ ಚಿಕಿತ್ಸೆಯಲ್ಲಿ ವಿರಳ.

ಎಲ್ಲ ಕೈಕೊಟ್ಟಾಗ ನೆನಪಾಗುವುದು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಆದ ಪುನಃಸಂಯೋಜಿತ ಸಕ್ರಿಯ ಏಳನೇ ಫ್ಯಾಕ್ಟರ್. ಹಿಮೋಫಿಲಿಯಾಕ್ಕೆಂದು ಹುಟ್ಟಿದ ಈ ಇಂಜೆಕ್ಷನ್‌ಗೆ ಡೋಸಿಗೆ ಹತ್ತಾರು ಸಾವಿರ ರೂಪಾಯಿ. ಎರಡು-ಮೂರು ಗಂಟೆಗೊಮ್ಮೆ ಮತ್ತೆ ಕೊಡಬೇಕು. ಕ್ಯಾನ್ಸರ್ ಮಕ್ಕಳಲ್ಲಿ ಇದು ಗೆದ್ದ ಕಥೆಗಳು ಹೆಚ್ಚಾಗಿ ಬಿಡಿ ರೋಗಿಗಳ ವರದಿಗಳು. ಸೋತವು ಅಷ್ಟಾಗಿ ಅಚ್ಚಾಗುವುದಿಲ್ಲ. 2010ರಲ್ಲಿ 35 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಇದನ್ನು ಪಡೆದವರಲ್ಲಿ ಶೇ 5.5 ಮಂದಿಗೆ ಅಪಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪಡೆಯದವರಲ್ಲಿ ಶೇ 3.2. ಅದಕ್ಕಿಂತ ಮುಖ್ಯವಾಗಿ, ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ಇಲ್ಲದ ರಕ್ತದಲ್ಲಿ ಅದಕ್ಕೆ ಕೆಲಸ ಮಾಡಲು ನೆಲೆಯೇ ಇಲ್ಲ. ಚೀಲ ಹೊಂದಿಸಲಾಗದ ಕುಟುಂಬದಿಂದ ಸಾಲ ಮಾಡಿಸಿ ಈ ಇಂಜೆಕ್ಷನ್ ತರಿಸುವುದು ಕ್ರಮ ತಪ್ಪಿದ ಚಿಕಿತ್ಸೆ. 1960ರ ದಶಕದಲ್ಲಿ ಜಪಾನಿನಲ್ಲಿ ಉತಾಕೊ ಒಕಾಮೊಟೊ ರೂಪಿಸಿದ ಟ್ರಾನೆಕ್ಸಾಮಿಕ್ ಆಮ್ಲ ಅಗ್ಗವಾದದ್ದು, ಬಾಯಿ-ಮೂಗಿನ ರಕ್ತಕ್ಕೆ ಒಳ್ಳೆಯದು. ಮೂತ್ರದಲ್ಲಿ ರಕ್ತ ಹೋಗುವಾಗ ಮಾತ್ರ ಅದು ಸಲ್ಲದು. ರಕ್ತ ಹೆಪ್ಪುಗಟ್ಟಿ ಮೂತ್ರನಾಳ ಮುಚ್ಚಿಬಿಡಬಹುದು. ಸೋರುವ ನಾಳ ಯಾವುದೆಂದು ತಿಳಿದರೆ, ತೊಡೆಯ ಅಪಧಮನಿಯಿಂದ ಸಣ್ಣ ಕೊಳವೆ ಹಾಯಿಸಿ ಅದನ್ನೇ ಮುಚ್ಚುವ ವಿಧಾನ ಹಲವು ಔಷಧಿಗಳಿಗಿಂತ ಮೇಲು.

ಮಕ್ಕಳ ಕ್ಯಾನ್ಸರ್‌ಗೆ ಹೆಚ್ಚಿನ ಬಡ ಕುಟುಂಬಗಳು ನೆಚ್ಚುವುದು 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯನ್ನು. ಅದಿರುವುದು ನಗರದ ಇನ್ನೊಂದು ಮಗ್ಗುಲಿನಲ್ಲಿ, ಹೊಸೂರು ರಸ್ತೆಯ ಕಡೆ. ರಾತ್ರಿ ಮಗು ಕಪ್ಪು ಮಲ ಮಾಡಿದರೆ, ತಲೆನೋವೆಂದು ಅತ್ತು ವಾಂತಿ ಮಾಡಿದರೆ, ಪೂರ್ವ ಭಾಗದವರು ಮೊದಲು ಓಡುವುದು ಹತ್ತಿರದ ಆಸ್ಪತ್ರೆಗೆ: ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಇಲ್ಲವೇ ಬೀದಿಯ ನರ್ಸಿಂಗ್ ಹೋಮ್. ಅಲ್ಲಿ ಆಗಬೇಕಾದದ್ದು ಹೆಚ್ಚೇನಿಲ್ಲ. ಸ್ನಾಯುವಿಗೆ ಇಂಜೆಕ್ಷನ್ ಚುಚ್ಚಬಾರದು. ಆಸ್ಪಿರಿನ್, ಐಬುಪ್ರೊಫೆನ್ ಕೊಡಬಾರದು. ರಕ್ತದ ಗುಂಪು ನೋಡಿ, ಡ್ರಿಪ್ ಹಾಕಿ, ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ಫೋನ್ ಮಾಡಿ, ಮಗು ಹೊರಡುವಾಗಲೇ ಅಲ್ಲಿ ಚೀಲ ಸಿದ್ಧವಾಗುವಂತೆ ನೋಡಿಕೊಳ್ಳಬೇಕು. ಅದಕ್ಕೆ ತಾಯಿಯ ಕೈಯಲ್ಲಿ ರೋಗದ ಹೆಸರು, ರಕ್ತದ ಗುಂಪು, ಫೋನ್ ಸಂಖ್ಯೆ ಬರೆದ ಒಂದು ಚೀಟಿ ಸಾಕು.

ರೋಗವೇ ಕೈಮೀರಿದಾಗ ರಕ್ತಸ್ರಾವ ಗುಣಪಡಿಸುವ ವಿಷಯವಾಗಿ ಉಳಿಯುವುದಿಲ್ಲ. ಮತ್ತೆ ಮತ್ತೆ ಪ್ಲೇಟ್‌ಲೆಟ್ ಏರಿಸಲು ಮಗುವನ್ನು ಚುಚ್ಚುತ್ತಲೇ ಇರುವುದಕ್ಕಿಂತ ನೋವು ಮತ್ತು ಭಯ ಇಳಿಸುವ ಔಷಧಿ ಹತ್ತಿರವಿರುವುದು ಮೇಲು. ಹಳೆ ವಿಮಾನ ನಿಲ್ದಾಣ ರಸ್ತೆ ವರ್ತೂರಿನತ್ತ ಸಾಗುವ ಕಡೆ ಇರುವ ಕರುಣಾಶ್ರಯವನ್ನು ಭಾರತೀಯ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರದ ರೋಟರಿ ಕ್ಲಬ್ ಸೇರಿ ಕಟ್ಟಿದವು. ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳ ಆರೈಕೆ ಅಲ್ಲಿ ಉಚಿತ. ಇಂಥ ಆರೈಕೆಯಲ್ಲಿ ಹಾಸಿಗೆಯ ಪಕ್ಕ ಗಾಢ ಬಣ್ಣದ ಬಟ್ಟೆ ಮಡಚಿಡುವ ಕ್ರಮವಿದೆ. ಒಮ್ಮೆಲೇ ರಕ್ತ ಬಂದರೆ ಅದರ ಕೆಂಪು ಮಗುವಿಗೂ ಪಕ್ಕದಲ್ಲಿ ಕುಳಿತ ತಾಯಿಗೂ ಅಷ್ಟಾಗಿ ಕಾಣದಿರಲೆಂದು.